ಸರ್ವರ್‌ಗೆ ಬಂದಿಳಿದ ಫೈಲನ್ನು ಬಂದ ಕ್ಷಣದಲ್ಲೇ ಗುರುತಿಸುವುದು: ಒಂದು ಸಮಗ್ರ ಮಾರ್ಗದರ್ಶಿ

ದಾವಣಗೆರೆಯ ಎಪಿಎಂಸಿ ಪ್ರಾಂಗಣಕ್ಕೆ ಮೆಕ್ಕೆಜೋಳದ ಲಾರಿ ಬಂದು ನಿಂತ ಮಾತ್ರಕ್ಕೆ ಮಾಲು ಬಂತೆಂದು ಯಾವ ಗುಮಾಸ್ತರೂ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುವುದಿಲ್ಲ. ಹಮಾಲರು ಕೊನೆಯ ಚೀಲವನ್ನು ಇಳಿಸಿ, ತೂಕವಾಗಿ, ಚೀಟಿ ಕೈಸೇರಿದ ಮೇಲೆಯೇ ಅದು ಬಂದ ಮಾಲು. ದೂರದಿಂದ ಸರ್ವರ್‌ಗೆ ಬರುವ ಫೈಲುಗಳ ವಿಷಯದಲ್ಲಿ ನಾವು ಈ ಎಚ್ಚರವನ್ನು ಮರೆಯುತ್ತೇವೆ. ಫೋಲ್ಡರಿನಲ್ಲಿ ಹೆಸರು ಕಂಡೊಡನೆ ಫೈಲನ್ನು ಎತ್ತಿಕೊಳ್ಳುತ್ತೇವೆ. ಅದು ಇನ್ನೂ ಅರ್ಧ ಮಾತ್ರ ಇಳಿದಿರುತ್ತದೆ.

ನಾನು ನೋಡಿಕೊಳ್ಳುವ ವ್ಯವಸ್ಥೆಯಲ್ಲಿ ಜಗಳೂರು, ಹೊನ್ನಾಳಿ, ಚನ್ನಗಿರಿ ಮತ್ತು ಚಳ್ಳಕೆರೆ ಕಡೆಯ ವೇಬ್ರಿಡ್ಜ್‌ಗಳಿಂದ, ಅಂದರೆ ಲಾರಿ ತೂಗುವ ಕಟ್ಟೆಗಳಿಂದ, ತೂಕದ ವಿವರಗಳು ದಾವಣಗೆರೆಯಲ್ಲಿರುವ ಒಂದು ಲಿನಕ್ಸ್ ಸರ್ವರ್‌ಗೆ ಎಸ್‌ಎಫ್‌ಟಿಪಿ ಎಂಬ, ಫೈಲುಗಳನ್ನು ಸುರಕ್ಷಿತವಾಗಿ ಸಾಗಿಸುವ ವಿಧಾನದ ಮೂಲಕ ಬರುತ್ತವೆ. ಪ್ರತಿ ಕೇಂದ್ರವೂ ಲಾರಿಗಳ ತೂಕವನ್ನು ಸಿಎಸ್‌ವಿ ಫೈಲಾಗಿಯೂ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸಾಲುಗಳ ಸರಳ ಪಠ್ಯ) ಲಾರಿಗಳ ಚಿತ್ರಗಳನ್ನು ಬೇರೆ ಫೈಲುಗಳಾಗಿಯೂ ಕಳುಹಿಸುತ್ತದೆ. ಮೊದಮೊದಲು ಕ್ರಾನ್, ಅಂದರೆ ಲಿನಕ್ಸ್‌ನಲ್ಲಿ ನಿಗದಿತ ಸಮಯಕ್ಕೆ ಕೆಲಸ ಓಡಿಸುವ ಸೇವೆ, ಪ್ರತಿ 5 ನಿಮಿಷಕ್ಕೊಮ್ಮೆ ಫೋಲ್ಡರನ್ನು ನೋಡಿ, ಕಂಡದ್ದನ್ನೆಲ್ಲ ಡೇಟಾಬೇಸ್‌ಗೆ ತುಂಬುತ್ತಿತ್ತು. ಒಂದು ಸಂಜೆ ಒಂದು ಕೇಂದ್ರದಲ್ಲಿ ಕರೆಂಟ್ ಹೋಗಿ, ಕಳುಹಿಸುತ್ತಿದ್ದ ಫೈಲು ನಡುವೆಯೇ ತುಂಡಾಯಿತು. ಕೊನೆಯ ಸಾಲಿನಲ್ಲಿ 28460 ಕಿಲೋ ಎಂದಿರಬೇಕಾದ ಕಡೆ 284 ಎಂದಷ್ಟೇ ಉಳಿದಿತ್ತು. ಅದೂ ಒಂದು ಸಂಖ್ಯೆಯೇ ಆದ್ದರಿಂದ ನಮ್ಮ ಪ್ರೋಗ್ರಾಂ ತಕರಾರಿಲ್ಲದೆ ಒಪ್ಪಿಕೊಂಡಿತು. ಬಾರದೇ ಹೋದ ಫೈಲಿನ ಬಗ್ಗೆ ಯಾರಾದರೂ ಫೋನ್ ಮಾಡಿ ಕೇಳುತ್ತಾರೆ. ಅರ್ಧ ಬಂದ ಫೈಲು ಮಾತ್ರ ಸುಮ್ಮನೆ ಲೆಕ್ಕಕ್ಕೆ ಸೇರಿಬಿಡುತ್ತದೆ.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಂಡಿದ್ದೇನೆ: ಫೈಲು ಬಂದಿದೆಯೆಂದು ತಕ್ಷಣ ತಿಳಿಯುವುದು ಹೇಗೆ, ಮತ್ತು ಬಂದದ್ದು ಪೂರ್ತಿ ಬಂದಿದೆಯೆಂದು ನಂಬುವುದು ಹೇಗೆ. ಮೊದಲನೆಯದು ಒಂದು ಗಂಟೆಯ ಕೆಲಸ. ಹೆಚ್ಚಿನ ಶ್ರಮವೆಲ್ಲ ಎರಡನೆಯದಕ್ಕೆ ಬೇಕು. ಆಜ್ಞೆಗಳ ಮತ್ತು ಆಯ್ಕೆಗಳ ಹೆಸರುಗಳನ್ನು ಇಲ್ಲಿ ಉಚ್ಚರಿಸುವಂತೆ ಕನ್ನಡದಲ್ಲಿಯೇ ಬರೆದಿದ್ದೇನೆ. ಟೈಪ್ ಮಾಡುವಾಗ ಅವುಗಳ ಕೈಪಿಡಿ ಪುಟವನ್ನು ತೆರೆದಿಟ್ಟುಕೊಂಡರೆ ಕಾಗುಣಿತದ ತೊಂದರೆ ಬಾರದು.

ಮೊದಲು: ತಕ್ಷಣವೇ ಬೇಕೇ ಎಂಬುದನ್ನು ತೀರ್ಮಾನಿಸಿ

ಕ್ರಾನ್ ನಿಮಿಷಕ್ಕೊಮ್ಮೆ ಓಡಬಲ್ಲದು. ನಿಮ್ಮ ಕೆಲಸಕ್ಕೆ ಒಂದು ನಿಮಿಷದ ವಿಳಂಬ ನಡೆಯುತ್ತದೆಯಾದರೆ, ಮುಂದೆ ಹೇಳುವ ಕಾವಲಿನ ಭಾಗವನ್ನು ಬಿಟ್ಟು ಫೋಲ್ಡರುಗಳ ಮತ್ತು ಪರಿಶೀಲನೆಯ ಭಾಗವನ್ನು ಮಾತ್ರ ಅಳವಡಿಸಿಕೊಳ್ಳಿ. ಅದರಿಂದ ನಿಮಗೆ ನಷ್ಟವೇನೂ ಇಲ್ಲ. ನಮ್ಮಲ್ಲಿ ಚಾಲಕರು ಬಿಲ್ಲಿಗಾಗಿ ಕಾಯುತ್ತ ನಿಂತಿರುತ್ತಾರೆ, ಹಿಂದಿನ ಲಾರಿ ಹಾರ್ನ್ ಮಾಡುತ್ತಿರುತ್ತದೆ. ಹಾಗಾಗಿ ಸೆಕೆಂಡುಗಳ ಲೆಕ್ಕಕ್ಕೆ ಹೋಗಬೇಕಾಯಿತು.

ಕರ್ನಲ್ ನಮಗೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ

ಲಿನಕ್ಸ್‌ನ ತಿರುಳಾದ ಕರ್ನಲ್ ಫೋಲ್ಡರಿನ ಬದಲಾವಣೆಗಳನ್ನು ತಿಳಿಸುವ ಸೌಲಭ್ಯದ ಹೆಸರು ಐನೋಟಿಫೈ. ಇದು 2005ರಲ್ಲಿ ಬಂದ 2.6.13 ಕರ್ನಲ್‌ನಿಂದ ಇದೆ. ಅದಕ್ಕೂ ಹಿಂದೆ ಡಿನೋಟಿಫೈ ಎಂಬ, ಬಳಸಲು ತ್ರಾಸವಾಗಿದ್ದ ವ್ಯವಸ್ಥೆಯೊಂದಿತ್ತು. ಒಂದು ಫೋಲ್ಡರಿಗೆ ಕಾವಲು ಹಾಕಿದರೆ ಅದರೊಳಗೆ ನಡೆಯುವ ಪ್ರತಿ ಘಟನೆಗೂ ಕರ್ನಲ್ ಒಂದು ಸೂಚನೆಯನ್ನು ನಮ್ಮ ಪ್ರೋಗ್ರಾಂಗೆ ಕಳುಹಿಸುತ್ತದೆ. ಫೋಲ್ಡರನ್ನು ಮತ್ತೆ ಮತ್ತೆ ತೆರೆದು ನೋಡುವ ಅಗತ್ಯವಿಲ್ಲದ್ದರಿಂದ ಸರ್ವರ್‌ಗೆ ಭಾರವೂ ಕಡಿಮೆ.

ನಮಗೆ ಬೇಕಾದ ಸೂಚನೆಗಳು ನಾಲ್ಕೇ. ಫೈಲಿನ ಹೆಸರು ಹುಟ್ಟಿದಾಗ ಕ್ರಿಯೇಟ್, ಒಳಗೆ ಬರೆದಾಗಲೆಲ್ಲ ಮಾಡಿಫೈ, ಬರೆಯಲು ತೆರೆದಿದ್ದ ಫೈಲನ್ನು ಮುಚ್ಚಿದಾಗ ಕ್ಲೋಸ್ ರೈಟ್, ಬೇರೆ ಹೆಸರಿನಿಂದ ಅಥವಾ ಬೇರೆ ಫೋಲ್ಡರಿನಿಂದ ಸರಿದು ಬಂದಾಗ ಮೂವ್ಡ್ ಟು. ಕ್ರಿಯೇಟ್ ಬಂದ ಕೂಡಲೇ ಫೈಲನ್ನು ಎತ್ತಿಕೊಳ್ಳುವುದೆಂದರೆ ಲಾರಿ ಗೇಟು ದಾಟುತ್ತಿರುವಾಗಲೇ ಹಣ ಎಣಿಸಿದಂತೆ. ಮಾಡಿಫೈ ಒಂದೇ ಫೈಲಿಗೆ ನೂರಾರು ಬಾರಿ ಬಂದು ಸರತಿಯನ್ನು ತುಂಬಿಸುತ್ತದೆ. ಉಳಿದ ಎರಡೇ ನಮಗೆ ಉಪಯೋಗಕ್ಕೆ ಬರುವಂಥವು.

ಕ್ಲೋಸ್ ರೈಟ್ ಬಂದರೆ ಫೈಲು ಪೂರ್ಣವಾಯಿತೆಂದು ತಿಳಿಯುವುದು ಬಹಳ ಜನ ಎಡವುವ ಜಾಗ, ನಾನೂ ಇಲ್ಲಿಯೇ ಎಡವಿದ್ದೆ. ಎಸ್‌ಎಫ್‌ಟಿಪಿ ಮೂಲಕ ಫೈಲು ಬರುತ್ತಿರುವಾಗ ಸಂಪರ್ಕ ಕಡಿದುಹೋದರೆ, ಸರ್ವರ್ ಬದಿಯಲ್ಲಿ ಆ ಕೆಲಸ ಮಾಡುತ್ತಿದ್ದ ಪ್ರಕ್ರಿಯೆ ಕೊನೆಗೊಳ್ಳುತ್ತದೆ. ಅದು ಕೊನೆಗೊಂಡಾಗ ತೆರೆದಿದ್ದ ಫೈಲೂ ಮುಚ್ಚುತ್ತದೆ. ಕರ್ನಲ್ ತನ್ನ ನಿಯಮದಂತೆ ಕ್ಲೋಸ್ ರೈಟ್ ಸೂಚನೆಯನ್ನೇ ಕೊಡುತ್ತದೆ. ಕರ್ನಲ್‌ಗೆ ಗೊತ್ತಿರುವುದು ಬರೆಯುವವನು ಕೈಬಿಟ್ಟನೆಂಬುದು ಮಾತ್ರ. ಅವನು ಮುಗಿಸಿ ಕೈಬಿಟ್ಟನೋ, ಕೈಸೋತು ಬಿಟ್ಟನೋ ಎಂಬುದು ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ನನ್ನ 284 ಕಿಲೋದ ಲಾರಿ ಐನೋಟಿಫೈ ಹಾಕಿದ ಮೇಲೂ ಅಷ್ಟೇ ಸಲೀಸಾಗಿ ಒಳಗೆ ಬರುತ್ತಿತ್ತು.

ಇದಕ್ಕೆ ತದ್ವಿರುದ್ಧವಾದ ಪ್ರಸಂಗವೂ ಉಂಟು. ಆ ಕಡೆಯ ರೂಟರ್ ಸದ್ದಿಲ್ಲದೆ ಆರಿಹೋದರೆ ಸರ್ವರ್‌ಗೆ ಸಂಪರ್ಕ ಕಡಿದದ್ದೇ ಗೊತ್ತಾಗುವುದಿಲ್ಲ. ಫೈಲು ತೆರೆದೇ ಉಳಿದಿರುತ್ತದೆ. ಸಂಪರ್ಕ ಜೀವಂತವಿದೆಯೇ ಎಂದು ಪರೀಕ್ಷಿಸುವ ಲಿನಕ್ಸ್‌ನ ಟಿಸಿಪಿ ಕೀಪ್‌ಅಲೈವ್ ಮೊದಲ ಪರೀಕ್ಷೆಗೇ ಮೂಲ ಸೆಟ್ಟಿಂಗ್‌ನಲ್ಲಿ 7200 ಸೆಕೆಂಡು, ಅಂದರೆ ಎರಡು ಗಂಟೆ, ಕಾಯುತ್ತದೆ. ಎಸ್‌ಎಫ್‌ಟಿಪಿ ಸಂಪರ್ಕಗಳನ್ನು ನಿಭಾಯಿಸುವ ಓಪನ್ ಎಸ್‌ಎಸ್‌ಎಚ್ ಸರ್ವರ್‌ನ ಸಂರಚನೆಯಲ್ಲಿ ಕ್ಲೈಂಟ್ ಅಲೈವ್ ಇಂಟರ್ವಲ್ ಎಂಬ ಆಯ್ಕೆ ಮೂಲತಃ ಸೊನ್ನೆಯಾಗಿರುತ್ತದೆ. ಅದನ್ನು 30 ಸೆಕೆಂಡಿಗೆ ಇಟ್ಟರೆ, ಮೂರು ಬಾರಿ ಉತ್ತರ ಬಾರದಿದ್ದಾಗ, ಸುಮಾರು ಒಂದೂವರೆ ನಿಮಿಷದಲ್ಲಿ ಸತ್ತ ಸಂಪರ್ಕ ತಾನಾಗಿ ಮುಚ್ಚುತ್ತದೆ. ಈ ಒಂದು ಸಾಲನ್ನು ಇಂದೇ ಸೇರಿಸಿಕೊಳ್ಳಿ.

ಮೊದಲ ಹೆಜ್ಜೆ: ಫೋಲ್ಡರುಗಳನ್ನು ಮನೆಯಂತೆ ಜೋಡಿಸುವುದು

ಹೆಸರು ಬದಲಿಸುವ ಕ್ರಿಯೆ, ಅಂದರೆ ರಿನೇಮ್, ಒಂದೇ ಫೈಲ್‌ಸಿಸ್ಟಮ್‌ನ ಒಳಗೆ ಅಖಂಡವಾದುದು: ಅದು ಪೂರ್ತಿ ಆಗುತ್ತದೆ, ಇಲ್ಲವೇ ಆಗುವುದೇ ಇಲ್ಲ, ಅರ್ಧ ರಿನೇಮ್ ಎಂಬುದಿಲ್ಲ. ನಮ್ಮ ಇಡೀ ವ್ಯವಸ್ಥೆ ನಿಂತಿರುವುದು ಈ ಒಂದು ಗುಣದ ಮೇಲೆ. ಕಳುಹಿಸುವವರು ಫೈಲನ್ನು ಒಂದು ಕಡೆ ಇಳಿಸಬೇಕು, ಪೂರ್ತಿ ಇಳಿದ ಮೇಲೆ ತಾವೇ ರಿನೇಮ್ ಮಾಡಿ ಇನ್ನೊಂದು ಕಡೆಗೆ ಸರಿಸಬೇಕು. ನಾವು ಎರಡನೆಯ ಜಾಗವನ್ನು ಮಾತ್ರ ನೋಡಬೇಕು.

ನಾನು ಐದು ಫೋಲ್ಡರುಗಳಿಗೆ ಮನೆಯ ಭಾಗಗಳನ್ನು ನೆನಪಿಸುವ ಹೆಸರಿಟ್ಟಿದ್ದೇನೆ, ರಾತ್ರಿ ಎದ್ದು ನೋಡುವಾಗಲೂ ಗೊಂದಲವಾಗಬಾರದೆಂದು. ಫೈಲು ಇಳಿಯುವ ಜಾಗ ಅಂಗಳ. ಪೂರ್ತಿ ಇಳಿದದ್ದು ಬಂದು ಕೂರುವುದು ಪಡಸಾಲೆ. ನಮ್ಮ ಪ್ರೋಗ್ರಾಂ ಕೈಗೆತ್ತಿಕೊಂಡದ್ದು ಕೆಲಸ. ಮುಗಿದದ್ದು ಉಗ್ರಾಣ. ಪರೀಕ್ಷೆಯಲ್ಲಿ ಸೋತದ್ದು ಹಿತ್ತಿಲು. ಐದೂ ಒಂದೇ ಫೈಲ್‌ಸಿಸ್ಟಮ್‌ನಲ್ಲಿರಬೇಕು. ಬೇರೆ ಡಿಸ್ಕಿನಲ್ಲಿದ್ದರೆ ರಿನೇಮ್ ವಿಫಲವಾಗುತ್ತದೆ, ಮತ್ತು ಎಂವಿ ಆಜ್ಞೆಯಂಥವು ಅದನ್ನು ನಮಗೆ ಹೇಳದೆ ನಕಲು ಮಾಡಿ ಅಳಿಸುವ ಕೆಲಸಕ್ಕೆ ಇಳಿಯುತ್ತವೆ. ನಕಲು ನಡೆಯುತ್ತಿರುವಾಗ ನೋಡಿದವರಿಗೆ ಮತ್ತೆ ಅರ್ಧ ಫೈಲೇ ಕಾಣುತ್ತದೆ.

ಪ್ರತಿ ಕೇಂದ್ರಕ್ಕೂ ಬೇರೆ ಬಳಕೆದಾರ ಖಾತೆ, ಬೇರೆ ಅಂಗಳ, ಬೇರೆ ಪಡಸಾಲೆ ಇರಲಿ. ಚ್‌ರೂಟ್ ಡೈರೆಕ್ಟರಿ ಬಳಸಿ ಆ ಖಾತೆಯನ್ನು ಅದರ ಮನೆಯೊಳಗೆ ಕಟ್ಟಿಹಾಕುವುದಾದರೆ, ಆ ಮೇಲಿನ ಫೋಲ್ಡರು ರೂಟ್ ಎಂಬ ಮುಖ್ಯ ಆಡಳಿತ ಖಾತೆಯ ಒಡೆತನದಲ್ಲಿದ್ದು ಬೇರೆಯವರಿಗೆ ಬರೆಯುವ ಅನುಮತಿ ಇಲ್ಲದಿರಬೇಕು. ಇಲ್ಲವಾದರೆ ಓಪನ್ ಎಸ್‌ಎಸ್‌ಎಚ್ ಲಾಗಿನ್ನನ್ನೇ ನಿರಾಕರಿಸುತ್ತದೆ. ಬರೆಯುವ ಅನುಮತಿಯನ್ನು ಒಳಗಿನ ಅಂಗಳಕ್ಕೆ ಮತ್ತು ಪಡಸಾಲೆಗೆ ಕೊಡಿ. ನಮ್ಮ ಪ್ರೋಗ್ರಾಂ ಪಡಸಾಲೆಯಿಂದ ಫೈಲನ್ನು ಎತ್ತಬೇಕಾದರೆ ಅದಕ್ಕೆ ಆ ಫೋಲ್ಡರಿನ ಮೇಲೆ ಬರೆಯುವ ಅನುಮತಿ ಇರಬೇಕು, ಏಕೆಂದರೆ ರಿನೇಮ್ ಎಂಬುದು ಫೋಲ್ಡರನ್ನು ಬದಲಿಸುವ ಕೆಲಸ. ಕೇಂದ್ರದ ಖಾತೆಗೂ ನಮ್ಮ ಪ್ರೋಗ್ರಾಂಗೂ ಒಂದು ಸಾಮಾನ್ಯ ಗುಂಪನ್ನು ಮಾಡಿ ಅಂಗಳಕ್ಕೆ ಸೆಟ್‌ಜಿಐಡಿ ಬಿಟ್ ಹಾಕಿದರೆ, ಹುಟ್ಟುವ ಫೈಲುಗಳೆಲ್ಲ ಆ ಗುಂಪಿಗೇ ಸೇರುತ್ತವೆ.

ಎರಡನೆಯ ಹೆಜ್ಜೆ: ಕಳುಹಿಸುವವರೊಂದಿಗೆ ಕರಾರು

ವೇಬ್ರಿಡ್ಜ್ ಕಂಪ್ಯೂಟರಿನಲ್ಲಿ ಓಡುವ ಸ್ಕ್ರಿಪ್ಟ್ ಎಸ್‌ಎಫ್‌ಟಿಪಿಯನ್ನು ಬ್ಯಾಚ್ ರೂಪದಲ್ಲಿ, ಅಂದರೆ ಆಜ್ಞೆಗಳನ್ನು ಮೊದಲೇ ಒಂದು ಫೈಲಿನಲ್ಲಿ ಬರೆದಿಟ್ಟು, ಬಳಸಲಿ. ಬ್ಯಾಚ್ ಫೈಲಿನಲ್ಲಿ ಪುಟ್ ಆಜ್ಞೆ ಅಂಗಳಕ್ಕೆ ಇಳಿಸುತ್ತದೆ, ಅದರ ಮುಂದಿನ ಸಾಲಿನ ರಿನೇಮ್ ಆಜ್ಞೆ ಪಡಸಾಲೆಗೆ ಸರಿಸುತ್ತದೆ. ಬ್ಯಾಚ್ ರೂಪದಲ್ಲಿ ಪುಟ್ ಸೋತರೆ ಎಸ್‌ಎಫ್‌ಟಿಪಿ ಅಲ್ಲಿಯೇ ನಿಂತುಬಿಡುತ್ತದೆ, ರಿನೇಮ್‌ವರೆಗೆ ಹೋಗುವುದೇ ಇಲ್ಲ. ನಮಗೆ ಬೇಕಾದದ್ದೂ ಅದೇ. ಪಾಸ್‌ವರ್ಡ್ ಕೇಳಿದರೆ ಉತ್ತರಿಸಲು ಅಲ್ಲಿ ಯಾರೂ ಇರುವುದಿಲ್ಲವಾದ್ದರಿಂದ ಕೀಲಿ ಜೋಡಿಯ ಮೂಲಕ ಲಾಗಿನ್ ಆಗುವಂತೆ ಮಾಡಿಡಿ.

ಫೈಲಿನ ಹೆಸರಿನಲ್ಲಿ ಕೇಂದ್ರದ ಸಂಕೇತ, ದಿನಾಂಕ, ಸಮಯ ಮತ್ತು ಕ್ರಮಸಂಖ್ಯೆ ಇರಲಿ, ಒಮ್ಮೆ ಬಳಸಿದ ಹೆಸರನ್ನು ಮತ್ತೆ ಬಳಸದಿರಲಿ. ಇಂದಿನ ತೂಕ ಎಂಬಂಥ ಒಂದೇ ಹೆಸರಿನಲ್ಲಿ ದಿನವೂ ಕಳುಹಿಸಿದರೆ, ಓಪನ್ ಎಸ್‌ಎಸ್‌ಎಚ್ ಕ್ಲೈಂಟಿನ ರಿನೇಮ್ ಹಳೆಯದರ ಮೇಲೆಯೇ ಹೊಸದನ್ನು ಕೂರಿಸುತ್ತದೆ. ಹಳೆಯದನ್ನು ಯಾರೂ ಎತ್ತಿಕೊಂಡಿರದಿದ್ದರೆ ಅದು ಹೋದಂತೆಯೇ. ಹೆಸರಿನಲ್ಲಿ ಖಾಲಿ ಜಾಗವೂ ಬೇಡ. ನಿಭಾಯಿಸಲು ಬರುತ್ತದೆ, ಆದರೆ ಒಂದಲ್ಲ ಒಂದು ದಿನ ಯಾರೋ ಉದ್ಧರಣ ಚಿಹ್ನೆ ಮರೆತ ಸ್ಕ್ರಿಪ್ಟ್ ಬರೆದೇ ಬರೆಯುತ್ತಾರೆ.

ಡೇಟಾ ಫೈಲು ಪಡಸಾಲೆ ಸೇರಿದ ಮೇಲೆ, ಅದೇ ಹೆಸರಿಗೆ ಬೇರೆ ಬಾಲನಾಮ ಹಚ್ಚಿದ, ಶಾ 256 ಮೊತ್ತವನ್ನು (ಫೈಲಿನ ಒಳಗಿನದರಿಂದ ಲೆಕ್ಕಹಾಕಿದ ಬೆರಳಚ್ಚಿನಂಥ ಗುರುತು) ಹೊತ್ತ ಒಂದು ಚಿಕ್ಕ ಫೈಲನ್ನು ಅದೇ ಕ್ರಮದಲ್ಲಿ ಕಳುಹಿಸಬೇಕು. ಮೊದಲು ಮಾಲು, ಆಮೇಲೆ ಚೀಟಿ. ಈ ಕ್ರಮವನ್ನು ಹಿಂದುಮುಂದು ಮಾಡಬಾರದು. ನಮ್ಮ ಕಾವಲು ಕಾಯುವುದು ಚೀಟಿಗಾಗಿ. ಚೀಟಿ ಕಂಡಾಗ ಮಾಲು ಆಗಲೇ ಇರಲೇಬೇಕು.

ಮೊತ್ತ ತಾಳೆಯಾದರೂ ಒಂದು ಸಂದು ಉಳಿಯುತ್ತದೆ. ವೇಬ್ರಿಡ್ಜ್ ತಂತ್ರಾಂಶ ಸಿಎಸ್‌ವಿಯನ್ನು ಬರೆಯುತ್ತಿರುವಾಗಲೇ ಕಳುಹಿಸುವ ಸ್ಕ್ರಿಪ್ಟ್ ಅದನ್ನು ಎತ್ತಿಕೊಂಡರೆ, ಅರ್ಧ ಫೈಲಿಗೇ ಸರಿಯಾದ ಮೊತ್ತ ಲೆಕ್ಕವಾಗಿ, ಅರ್ಧ ಫೈಲೇ ಯಾವ ದೋಷವೂ ಇಲ್ಲದೆ ನಮ್ಮಲ್ಲಿಗೆ ಬರುತ್ತದೆ. ಸರ್ವರ್‌ನಲ್ಲಿ ನಾವು ಬಗೆಹರಿಸಿದ ಸಮಸ್ಯೆಯೇ ಆ ತುದಿಯಲ್ಲಿಯೂ ಇದೆ ಎಂದು ಇದರರ್ಥ. ಇದಕ್ಕೆ ನಾನು ಕಂಡುಕೊಂಡ ಮದ್ದು ಹಳೆಯ ಗುಮಾಸ್ತಿಕೆಯದು: ಫೈಲಿನ ಕೊನೆಯ ಸಾಲಿನಲ್ಲಿ ಒಟ್ಟು ಎಷ್ಟು ಲಾರಿ, ಒಟ್ಟು ಎಷ್ಟು ಕಿಲೋ ಎಂದು ತಂತ್ರಾಂಶವೇ ಬರೆಯಬೇಕು. ಆ ಸಾಲಿಲ್ಲದ ಫೈಲನ್ನು ನಾವು ಮುಟ್ಟುವುದಿಲ್ಲ. ಸಾಲಿದ್ದರೂ ಕೂಡಿಸಿ ನೋಡಿದಾಗ ಹೊಂದದಿದ್ದರೆ ಹಿತ್ತಿಲಿಗೆ ಕಳುಹಿಸುತ್ತೇವೆ.

ಮೂರನೆಯ ಹೆಜ್ಜೆ: ಕಾವಲು ಹಾಕುವುದು

ಐನೋಟಿಫೈ ಟೂಲ್ಸ್ ಎಂಬ ಪ್ಯಾಕೇಜಿನಲ್ಲಿ ಐನೋಟಿಫೈವೇಟ್ ಎಂಬ ಆಜ್ಞೆ ಸಿಗುತ್ತದೆ. ಒಮ್ಮೆ ಪಡಸಾಲೆಯ ಮೇಲೆ ಮಾನಿಟರ್ ಆಯ್ಕೆಯೊಂದಿಗೆ ಇದನ್ನು ಓಡಿಸಿ, ಇನ್ನೊಂದು ಟರ್ಮಿನಲ್‌ನಿಂದ ಫೈಲುಗಳನ್ನು ಕಳುಹಿಸಿ, ಯಾವ ಕ್ರಿಯೆಗೆ ಯಾವ ಸೂಚನೆ ಬರುತ್ತದೆಂಬುದನ್ನು ಕಣ್ಣಾರೆ ನೋಡಿ. ಯಾವ ಲೇಖನವನ್ನು ಓದಿದರೂ ಈ ಹತ್ತು ನಿಮಿಷ ಕಲಿಸುವಷ್ಟನ್ನು ಕಲಿಸದು. ಆದರೆ ಇದರ ಔಟ್‌ಪುಟ್ಟನ್ನು ಪೈಪಿನ ಮೂಲಕ ಒಂದು ಲೂಪಿಗೆ ಹರಿಸಿ, ಬಂದ ಪ್ರತಿ ಸಾಲಿಗೂ ಕೆಲಸ ಮಾಡಿಸುವ, ಎಲ್ಲೆಡೆ ಕಾಣುವ ಸ್ಕ್ರಿಪ್ಟನ್ನು ನಾನು ಶಿಫಾರಸು ಮಾಡುವುದಿಲ್ಲ. ಸೂಚನೆ ಎಂಬುದು ಆ ಕ್ಷಣದ ಕೂಗು. ಕೂಗಿದಾಗ ಕೇಳಿಸಿಕೊಳ್ಳುವವರು ಇಲ್ಲದಿದ್ದರೆ ಅದು ಮತ್ತೆ ಬರುವುದಿಲ್ಲ. ಸ್ಕ್ರಿಪ್ಟ್ ಸತ್ತು ಮತ್ತೆ ಎದ್ದ ಎರಡು ಸೆಕೆಂಡಿನಲ್ಲಿ ಬಂದ ಫೈಲು ಪಡಸಾಲೆಯಲ್ಲಿ ವಾರಗಟ್ಟಲೆ ಕೂತಿರಬಹುದು.

ನನಗೆ ಹೆಚ್ಚು ಒಪ್ಪಿಗೆಯಾದದ್ದು, ಲಿನಕ್ಸ್‌ನಲ್ಲಿ ಸೇವೆಗಳನ್ನು ಎಬ್ಬಿಸಿ ನಿಲ್ಲಿಸುವ ಸಿಸ್ಟಂಡಿಯ ಪಾತ್ ಯೂನಿಟ್. ಇದೂ ಒಳಗೊಳಗೆ ಐನೋಟಿಫೈಯನ್ನೇ ಬಳಸುತ್ತದೆ, ಆದರೆ ಇದರಲ್ಲಿ ಪಾತ್ ಎಕ್ಸಿಸ್ಟ್ಸ್ ಗ್ಲಾಬ್ ಎಂಬ ಷರತ್ತನ್ನು ಕೊಡಬಹುದು: ಪಡಸಾಲೆಯಲ್ಲಿ ಚೀಟಿಯ ಬಾಲನಾಮವುಳ್ಳ ಯಾವುದಾದರೂ ಫೈಲು ಇದ್ದರೆ ಸೇವೆಯನ್ನು ಎಬ್ಬಿಸು ಎಂದು. ಯೂನಿಟ್ ಶುರುವಾಗುವಾಗ ಅದು ಮೊದಲು ಪಡಸಾಲೆಯನ್ನು ನೋಡುತ್ತದೆ. ಸೇವೆ ಮುಗಿದ ಪ್ರತಿ ಬಾರಿಯೂ ಮತ್ತೆ ನೋಡುತ್ತದೆ. ಹಾಗಾಗಿ ಸರ್ವರ್ ಆರಿದ್ದಾಗ ಬಾಕಿ ಉಳಿದದ್ದೂ, ಸೇವೆ ಓಡುತ್ತಿದ್ದಾಗ ಬಂದದ್ದೂ ತಪ್ಪಿಹೋಗುವುದಿಲ್ಲ. ಕೇಂದ್ರಕ್ಕೊಂದರಂತೆ ಈ ಸಾಲನ್ನು ಎಷ್ಟು ಬಾರಿ ಬೇಕಾದರೂ ಬರೆಯಬಹುದು. ಡೈರೆಕ್ಟರಿ ನಾಟ್ ಎಂಪ್ಟಿ ಎಂಬ ಷರತ್ತೂ ಇದೆ. ಆದರೆ ಮಾಲು ಬಂದು ಚೀಟಿ ಬಾರದ ನಡುವಿನ ಹೊತ್ತಿನಲ್ಲಿ ಅದು ಸೇವೆಯನ್ನು ಸುಮ್ಮನೆ ಎಬ್ಬಿಸುತ್ತಲೇ ಇರುತ್ತದೆ, ಆದ್ದರಿಂದ ನಮಗೆ ಹೊಂದದು.

ಇಲ್ಲಿ ಎರಡು ಕಡೆ ಮುಳ್ಳಿದೆ. ಎದ್ದ ಸೇವೆ ಒಂದೇ ಒಂದು ಚೀಟಿಯನ್ನಾದರೂ ಪಡಸಾಲೆಯಲ್ಲಿ ಬಿಟ್ಟು ಮುಗಿದರೆ, ಷರತ್ತು ಇನ್ನೂ ನಿಜವಾಗಿರುವುದರಿಂದ ಅದು ತಕ್ಷಣ ಮತ್ತೆ ಏಳುತ್ತದೆ, ಮತ್ತೆ ಮುಗಿಯುತ್ತದೆ, ಮತ್ತೆ ಏಳುತ್ತದೆ. ಆದ್ದರಿಂದ ಕೆಟ್ಟ ಫೈಲಾಗಲಿ, ಮಾಲಿಲ್ಲದ ಒಂಟಿ ಚೀಟಿಯಾಗಲಿ, ಎಲ್ಲವೂ ಹಿತ್ತಿಲಿಗೆ ಹೋಗಲೇಬೇಕು. ಎರಡನೆಯದು, ಸಿಸ್ಟಂಡಿ ಮೂಲ ಸೆಟ್ಟಿಂಗ್‌ನಲ್ಲಿ 10 ಸೆಕೆಂಡಿಗೆ 5 ಆರಂಭಗಳನ್ನಷ್ಟೇ ಒಪ್ಪುತ್ತದೆ. ಮೀರಿದರೆ ಯೂನಿಟ್ ವಿಫಲವೆಂದು ಬರೆದು ಕೈಕಟ್ಟಿ ಕೂರುತ್ತದೆ. ಬೆಳೆ ಬರುವ ಹಂಗಾಮಿನಲ್ಲಿ ನಾಲ್ಕು ಕೇಂದ್ರಗಳಿಂದ ಒಟ್ಟಿಗೆ ಫೈಲುಗಳು ಬಂದಾಗ ಈ ಮಿತಿಯನ್ನು ಮುಟ್ಟುವುದು ಸುಲಭ. ಸೇವೆಯ ಕೊನೆಯಲ್ಲಿ 3 ಸೆಕೆಂಡು ನಿದ್ರಿಸುವ ಒಂದು ಸಾಲನ್ನು ಸೇರಿಸಿದರೆ 10 ಸೆಕೆಂಡಿನಲ್ಲಿ ನಾಲ್ಕಕ್ಕಿಂತ ಹೆಚ್ಚು ಆರಂಭಗಳಾಗುವುದಿಲ್ಲ, ಆ ನಡುವೆ ಬಂದವೆಲ್ಲ ಒಂದೇ ಸರದಿಯಲ್ಲಿ ಮುಗಿಯುತ್ತವೆ. ನೋಡಲು ಒರಟು ಉಪಾಯ, ಆದರೆ ನಡೆಯುತ್ತದೆ.

ನಾಲ್ಕನೆಯ ಹೆಜ್ಜೆ: ಕೈಗೆತ್ತಿಕೊಳ್ಳುವುದು

ಸೇವೆ ಎದ್ದಾಗ ಯಾವ ಫೈಲಿನಿಂದ ಎಚ್ಚರವಾಯಿತೆಂದು ಕೇಳುವ ಗೋಜಿಗೆ ಹೋಗಬಾರದು. ಪಡಸಾಲೆಯಲ್ಲಿರುವ ಚೀಟಿಗಳನ್ನೆಲ್ಲ ಪಟ್ಟಿಮಾಡಿ ಒಂದೊಂದಾಗಿ ಮುಗಿಸಬೇಕು. ಸೂಚನೆ ಬಾಗಿಲು ತಟ್ಟಿದ ಸದ್ದು ಮಾತ್ರ. ಯಾರು ಬಂದಿದ್ದಾರೆಂದು ತಿಳಿಯಲು ಬಾಗಿಲು ತೆರೆದು ನೋಡಲೇಬೇಕು.

ಪ್ರತಿ ಚೀಟಿಗೂ ಮಾಡಬೇಕಾದದ್ದು ಇಷ್ಟು: ಮೊದಲು ಚೀಟಿಯನ್ನು ಕೆಲಸ ಫೋಲ್ಡರಿಗೆ ರಿನೇಮ್ ಮಾಡಬೇಕು. ಒಂದೇ ಹೊತ್ತಿನಲ್ಲಿ ಎರಡು ಪ್ರಕ್ರಿಯೆಗಳು ಅದೇ ಚೀಟಿಗೆ ಕೈಹಾಕಿದರೂ ರಿನೇಮ್ ಒಂದಕ್ಕೆ ಮಾತ್ರ ಸಿಗುತ್ತದೆ, ಇನ್ನೊಂದಕ್ಕೆ ಫೈಲಿಲ್ಲವೆಂಬ ದೋಷ ಬರುತ್ತದೆ. ಪ್ರತ್ಯೇಕ ಬೀಗದ ವ್ಯವಸ್ಥೆ ಬೇಕಾಗುವುದಿಲ್ಲ. ಆಮೇಲೆ ಮಾಲನ್ನು ಸರಿಸಿ, ಮೊತ್ತವನ್ನು ತಾಳೆ ನೋಡಿ, ಕೊನೆಯ ಸಾಲಿನ ಲೆಕ್ಕವನ್ನು ಕೂಡಿಸಿ ನೋಡಿ, ಡೇಟಾಬೇಸ್‌ಗೆ ಒಂದೇ ವಹಿವಾಟಿನಲ್ಲಿ (ಸೇರಿದರೆ ಎಲ್ಲ ಸಾಲೂ, ಇಲ್ಲವೇ ಒಂದೂ ಇಲ್ಲ ಎಂಬಂತೆ) ತುಂಬಿಸಿ, ಅದು ಖಚಿತವಾದ ಮೇಲೆ ಉಗ್ರಾಣಕ್ಕೆ ಕಳುಹಿಸಬೇಕು.

ತುಂಬಿಸಿ ಮುಗಿದು, ಉಗ್ರಾಣಕ್ಕೆ ಸರಿಸುವ ಮೊದಲೇ ಸರ್ವರ್ ಆರಿದರೆ ಆ ಫೈಲು ಕೆಲಸ ಫೋಲ್ಡರಿನಲ್ಲಿ ಸಿಕ್ಕಿಬೀಳುತ್ತದೆ. ಅದನ್ನು ಮತ್ತೆ ತುಂಬಿಸಿದರೆ ಒಂದೇ ಲಾರಿಗೆ ಎರಡು ಬಿಲ್ಲು. ಡೇಟಾಬೇಸ್‌ನಲ್ಲಿ ಕೇಂದ್ರದ ಸಂಕೇತ ಮತ್ತು ಲಾರಿಯ ತೂಕದ ಚೀಟಿಯ ಸಂಖ್ಯೆ ಎರಡನ್ನೂ ಸೇರಿಸಿ ಅನನ್ಯ ಕೀಲಿಯಾಗಿ ಮಾಡಿಟ್ಟರೆ, ಎರಡನೆಯ ಬಾರಿ ತುಂಬಿದ್ದು ತಾನಾಗಿ ನಿರಾಕರಣೆಯಾಗುತ್ತದೆ. ಹೀಗೆ ಒಂದೇ ಫೈಲನ್ನು ಹತ್ತು ಸಲ ಓಡಿಸಿದರೂ ಫಲಿತಾಂಶ ಬದಲಾಗದಂತೆ ಮಾಡಿದ ಮೇಲೆ ನನಗೆ ಹಂಗಾಮಿನಲ್ಲೂ ನಿದ್ರೆ ಬರತೊಡಗಿತು. ಕೆಲಸ ಫೋಲ್ಡರಿನಲ್ಲಿ 10 ನಿಮಿಷಕ್ಕಿಂತ ಹಳೆಯದಾಗಿ ಉಳಿದದ್ದನ್ನು ಮತ್ತೆ ಪಡಸಾಲೆಗೆ ಕಳುಹಿಸುವ ಒಂದು ಟೈಮರ್ ಸಾಕು; ಮರಳಿಸುವಾಗಲೂ ಮೊದಲು ಮಾಲು, ಆಮೇಲೆ ಚೀಟಿ.

ಕಳುಹಿಸುವವರನ್ನು ಬದಲಿಸಲಾಗದಿದ್ದಾಗ

ಎಲ್ಲ ಕೇಂದ್ರಗಳೂ ನಮ್ಮ ಮಾತು ಕೇಳುವುದಿಲ್ಲ. ಆಗ ಅವರು ಬಳಸುವ ಸಾಧನದ ಸ್ವಭಾವವನ್ನು ತಿಳಿದುಕೊಳ್ಳಬೇಕು. ಆರ್‌ಸಿಂಕ್ ಮೂಲತಃ ಚುಕ್ಕಿಯಿಂದ ಶುರುವಾಗುವ ತಾತ್ಕಾಲಿಕ ಹೆಸರಿನಲ್ಲಿ ಬರೆದು, ಮುಗಿದ ಮೇಲೆ ನಿಜವಾದ ಹೆಸರಿಗೆ ತಿರುಗಿಸುತ್ತದೆ. ಅಂಥಲ್ಲಿ ಮೂವ್ಡ್ ಟು ಸೂಚನೆಯನ್ನು ಬಹುಮಟ್ಟಿಗೆ ನಂಬಬಹುದು. ಆದರೆ ಅವರು ಪಾರ್ಷಿಯಲ್ ಆಯ್ಕೆಯನ್ನು ಹಾಕಿದ್ದರೆ, ನಡುವೆ ನಿಂತ ತುಂಡನ್ನೂ ಅದು ನಿಜವಾದ ಹೆಸರಿನಲ್ಲೇ ಉಳಿಸುತ್ತದೆ. ಪಾರ್ಷಿಯಲ್ ಡಿರ್ ಆಯ್ಕೆಗೆ ಬದಲಿಸುವಂತೆ ಕೇಳಿಕೊಳ್ಳಿ. ಇನ್‌ಪ್ಲೇಸ್ ಆಯ್ಕೆಯಿದ್ದರೆ ತಾತ್ಕಾಲಿಕ ಹೆಸರೇ ಇರುವುದಿಲ್ಲ. ವಿನ್‌ಎಸ್‌ಸಿಪಿ ಮೂಲ ಸೆಟ್ಟಿಂಗ್‌ನಲ್ಲಿ 100 ಕೆಬಿಗಿಂತ ದೊಡ್ಡ ಫೈಲುಗಳಿಗೆ ಮಾತ್ರ ಫೈಲ್‌ಪಾರ್ಟ್ ಎಂಬ ಬಾಲವನ್ನು ಸೇರಿಸುತ್ತದೆ. ಚಿಕ್ಕವು ನೇರವಾಗಿ ನಿಜವಾದ ಹೆಸರಿನಲ್ಲೇ ಇಳಿಯುತ್ತವೆ. ನಮ್ಮಲ್ಲಿ ಚಿತ್ರಗಳು ಸರಿಯಾಗಿ ಬಂದು ಸಿಎಸ್‌ವಿಗಳು ಮಾತ್ರ ಕೈಕೊಡುತ್ತಿದ್ದ ಒಂದು ಒಗಟು ಬಿಡಿಸಿಕೊಂಡದ್ದು ಹೀಗೆ.

ಯಾವ ಹಿಡಿತವೂ ಇಲ್ಲದಿದ್ದರೆ ಉಳಿದ ದಾರಿ, ಕ್ಲೋಸ್ ರೈಟ್ ಬಂದ ಮೇಲೆ ಫೈಲಿನ ಗಾತ್ರ ಒಂದು ನಿಮಿಷ ಬದಲಾಗದಿರುವುದನ್ನು ನೋಡುವುದು, ಅದನ್ನು ಯಾರೂ ತೆರೆದಿಟ್ಟಿಲ್ಲವೆಂದು ಎಲ್‌ಎಸ್‌ಓಎಫ್ ಆಜ್ಞೆಯಿಂದ ಖಚಿತಪಡಿಸಿಕೊಳ್ಳುವುದು, ಮತ್ತು ಫೈಲಿನ ಒಳಗಿನ ರಚನೆಯನ್ನು ಪರೀಕ್ಷಿಸುವುದು. ಮೊದಲೆರಡು ಊಹೆಗಳು, ಮೂರನೆಯದೊಂದೇ ಸಾಕ್ಷಿ. ಜೆಪೆಗ್, ಜಿಪ್, ಪಿಡಿಎಫ್‌ಗಳಿಗೆ ಅವುಗಳದೇ ಅಂತ್ಯದ ಗುರುತಿರುತ್ತದೆ, ಅದನ್ನು ನೋಡಬಹುದು. ಸರಳ ಸಿಎಸ್‌ವಿಗೆ ಅಂಥದ್ದೇನೂ ಇಲ್ಲ. ಕನಿಷ್ಠ ಕೊನೆಯ ಸಾಲು ಹೊಸಸಾಲಿನ ಅಕ್ಷರದಿಂದ ಮುಗಿದಿದೆಯೇ ಎಂದಾದರೂ ನೋಡಿ. ನನ್ನ 284ನ್ನು ಹಿಡಿಯಲು ಅಷ್ಟೇ ಸಾಕಾಗುತ್ತಿತ್ತು.

ಮಿತಿಗಳು

ಐನೋಟಿಫೈ ಆ ಯಂತ್ರದ ಕರ್ನಲ್‌ನ ಮೂಲಕ ನಡೆದದ್ದನ್ನು ಮಾತ್ರ ಕಾಣಬಲ್ಲದು. ಫೋಲ್ಡರು ಎನ್‌ಎಫ್‌ಎಸ್ ಅಥವಾ ಸಾಂಬಾ ಮೂಲಕ ಬೇರೆ ಯಂತ್ರದಿಂದ ಜೋಡಿಸಿದ್ದಾದರೆ, ಅತ್ತ ಬರೆದದ್ದು ಇತ್ತ ಸೂಚನೆಯಾಗಿ ಬರುವುದಿಲ್ಲ. ಕಾವಲನ್ನು ಡಿಸ್ಕ್ ಇರುವ ಯಂತ್ರದಲ್ಲಿಯೇ ಹಾಕಬೇಕು, ಇಲ್ಲವೇ ಟೈಮರ್‌ಗೆ ಮರಳಬೇಕು.

ಒಂದು ಕಾವಲು ಒಂದೇ ಫೋಲ್ಡರಿಗೆ, ಅದರ ಒಳಫೋಲ್ಡರುಗಳಿಗಲ್ಲ. ಐನೋಟಿಫೈವೇಟ್‌ನ ರಿಕರ್ಸಿವ್ ಆಯ್ಕೆ ಪ್ರತಿ ಒಳಫೋಲ್ಡರಿಗೂ ಬೇರೆ ಕಾವಲು ಹಾಕುತ್ತ ಹೋಗುತ್ತದೆ. ಹೊಸ ಒಳಫೋಲ್ಡರು ಹುಟ್ಟಿ ಕಾವಲು ಬೀಳುವ ಮುನ್ನ ಅದರಲ್ಲಿ ಇಳಿದ ಫೈಲಿನ ಸೂಚನೆ ಬಾರದೇ ಹೋಗಬಹುದು. ದಿನಾಂಕಕ್ಕೊಂದು ಒಳಫೋಲ್ಡರು ಮಾಡುವ ಅಭ್ಯಾಸವನ್ನು ಉಗ್ರಾಣಕ್ಕೆ ಮೀಸಲಿಡಿ, ಪಡಸಾಲೆ ಚಪ್ಪಟೆಯಾಗಿಯೇ ಇರಲಿ. ಹಳೆಯ ಕರ್ನಲ್‌ಗಳಲ್ಲಿ ಒಬ್ಬ ಬಳಕೆದಾರನಿಗೆ 8192 ಕಾವಲುಗಳ ಮಿತಿಯಿತ್ತು, 5.11ರಿಂದೀಚೆಗೆ ಅದು ಮೆಮೊರಿಯನ್ನು ನೋಡಿ ನಿಗದಿಯಾಗುತ್ತದೆ. ಮಿತಿ ಮೀರಿದಾಗ ಸಾಧನದಲ್ಲಿ ಜಾಗವಿಲ್ಲ ಎಂಬ ದೋಷ ಬರುತ್ತದೆ. ಅದನ್ನು ನಂಬಿ ಡಿಸ್ಕನ್ನು ಖಾಲಿ ಮಾಡುತ್ತ ಕೂರಬೇಡಿ. ಓದದೆ ಬಿಟ್ಟ ಸೂಚನೆಗಳ ಸರತಿಗೆ 16384ರ ಮಿತಿಯಿದೆ, ಅದು ತುಂಬಿದರೆ ಮುಂದಿನವು ಬಿದ್ದುಹೋಗುತ್ತವೆ. ಪ್ರತಿ ಬಾರಿಯೂ ಪಡಸಾಲೆಯನ್ನೇ ಪೂರ್ತಿ ನೋಡುವ ನಮ್ಮ ಪದ್ಧತಿಗೆ ಇದರಿಂದ ದೊಡ್ಡ ಧಕ್ಕೆಯಿಲ್ಲ.

ವಿಂಡೋಸ್ ಸರ್ವರ್ ಇಟ್ಟುಕೊಂಡವರು ಡಾಟ್‌ನೆಟ್‌ನ ಫೈಲ್ ಸಿಸ್ಟಮ್ ವಾಚರ್ ಬಳಸುತ್ತಾರೆ. ಅಲ್ಲಿಯೂ ಫೈಲು ಹುಟ್ಟಿದ ಕೂಡಲೇ ಸೂಚನೆ ಬರುತ್ತದೆ, ಅದರ ಬಫರ್ ಮೂಲತಃ 8 ಕೆಬಿ ಮಾತ್ರ, ತುಂಬಿದರೆ ಸೂಚನೆಗಳು ಕಳೆಯುತ್ತವೆ. ಅಂಗಳ ಮತ್ತು ಪಡಸಾಲೆಯ ಕ್ರಮ ಅಲ್ಲಿಗೂ ಹಾಗೆಯೇ ಸಲ್ಲುತ್ತದೆ.

ಕೆಡಿಸಿ ನೋಡುವುದು

ಎಲ್ಲವೂ ಸರಿಯಿರುವಾಗ ನಡೆಯುವ ವ್ಯವಸ್ಥೆಯನ್ನು ಪರೀಕ್ಷಿಸಿ ಪ್ರಯೋಜನವಿಲ್ಲ. ಎಸ್‌ಎಫ್‌ಟಿಪಿಯ ಎಲ್ ಆಯ್ಕೆಯಿಂದ ವೇಗವನ್ನು ಸೆಕೆಂಡಿಗೆ 100 ಕಿಲೋಬಿಟ್‌ಗೆ ಇಳಿಸಿ, ದೊಡ್ಡದೊಂದು ಚಿತ್ರವನ್ನು ಕಳುಹಿಸುತ್ತ ನಡುವೆ ನೆಟ್‌ವರ್ಕ್ ಕೇಬಲ್ ಕೀಳಿ. ಅಂಗಳದಲ್ಲಿ ತುಂಡು ಉಳಿದು ಪಡಸಾಲೆ ಖಾಲಿಯಿರಬೇಕು. ಮೊತ್ತದ ಒಂದಕ್ಷರವನ್ನು ತಿದ್ದಿ ಕಳುಹಿಸಿ; ಫೈಲು ಹಿತ್ತಿಲಿಗೆ ಹೋಗಬೇಕು, ಸೇವೆ ಸುತ್ತುಹೊಡೆಯಬಾರದು. ಪಾತ್ ಯೂನಿಟ್ಟನ್ನು ನಿಲ್ಲಿಸಿ, ಐದು ಜೋಡಿ ಫೈಲುಗಳನ್ನು ಇಳಿಸಿ, ಮತ್ತೆ ಶುರುಮಾಡಿ, ಐದೂ ಮುಗಿಯಬೇಕು. ಡೇಟಾಬೇಸ್ ತುಂಬುತ್ತಿರುವಾಗ ಸೇವೆಯನ್ನು ಕಿಲ್ ಮಾಡಿ. ಟೈಮರ್ ಮರಳಿಸಿದ ಮೇಲೆ ಸಾಲುಗಳು ಇಮ್ಮಡಿಯಾಗಿರಬಾರದು. ಅಂಗಳದಲ್ಲಿ ಉಳಿದ ತುಂಡುಗಳಲ್ಲಿ ಒಂದು ದಿನಕ್ಕಿಂತ ಹಳೆಯವನ್ನು ಅಳಿಸುವ ವ್ಯವಸ್ಥೆಯೂ ಇರಲಿ, ಇಲ್ಲವಾದರೆ ಡಿಸ್ಕ್ ನಿಜವಾಗಿಯೂ ತುಂಬುತ್ತದೆ.

ಬಾರದ ಫೈಲಿನ ಮೇಲೂ ಕಣ್ಣಿಡುವುದು

ಬಂದದ್ದನ್ನು ಗುರುತಿಸುವ ಯಾವ ಕಾವಲೂ ಬಾರದೇ ಇದ್ದದ್ದನ್ನು ಹೇಳಲಾರದು. ಮೊದಲು ನಾನು, ಎರಡು ಗಂಟೆಯಾದರೂ ಒಂದು ಕೇಂದ್ರದಿಂದ ಏನೂ ಬಾರದಿದ್ದರೆ ಫೋನಿಗೆ ಸಂದೇಶ ಬರುವಂತೆ ಮಾಡಿದ್ದೆ. ಮಾರುಕಟ್ಟೆಗೆ ರಜೆ ಇರುವ ದಿನ, ಮಳೆಗೆ ಲಾರಿ ಬಾರದ ದಿನ, ಹಬ್ಬದ ದಿನ, ಎಲ್ಲ ದಿನವೂ ಸಂದೇಶ ಬಂದು, ಕೊನೆಗೆ ನಾನು ಅವನ್ನು ಓದುವುದನ್ನೇ ಬಿಟ್ಟೆ. ಈಗ ಪ್ರತಿ ಕೇಂದ್ರವೂ ಲಾರಿ ಇರಲಿ ಇಲ್ಲದಿರಲಿ, 15 ನಿಮಿಷಕ್ಕೊಮ್ಮೆ ಒಂದೇ ಸಾಲಿನ ಒಂದು ಖಾಲಿ ಲೆಕ್ಕದ ಫೈಲನ್ನು, ಸೊನ್ನೆ ಲಾರಿ ಸೊನ್ನೆ ಕಿಲೋ ಎಂದು ಬರೆದು, ಚೀಟಿಯ ಸಮೇತ ಅದೇ ದಾರಿಯಲ್ಲಿ ಕಳುಹಿಸುತ್ತದೆ. ಅದು ಅಂಗಳ, ಪಡಸಾಲೆ, ಕೆಲಸ ಎಲ್ಲವನ್ನೂ ಹಾಯ್ದು ಉಗ್ರಾಣ ಮುಟ್ಟಿದ ಸಮಯವನ್ನು ಒಂದು ಕೋಷ್ಟಕದಲ್ಲಿ ಬರೆದಿಡುತ್ತೇವೆ, ಮತ್ತು 45 ನಿಮಿಷ ಆ ಸಮಯ ಹೊಸದಾಗದಿದ್ದರೆ ಮಾತ್ರ ಸಂದೇಶ ಹೊರಡುತ್ತದೆ. ಕೇಂದ್ರದ ಕರೆಂಟ್, ಇಂಟರ್ನೆಟ್, ನಮ್ಮ ಸರ್ವರ್, ಪಾತ್ ಯೂನಿಟ್, ಡೇಟಾಬೇಸ್, ಇವುಗಳಲ್ಲಿ ಯಾವುದು ನಿಂತರೂ ಆ ಒಂದೇ ಸಾಲಿನ ಫೈಲು ಉಗ್ರಾಣ ಮುಟ್ಟುವುದಿಲ್ಲ. ಎಚ್ಚರಿಕೆಯನ್ನು ಕಳುಹಿಸುವ ಸ್ಕ್ರಿಪ್ಟನ್ನು ಮಾತ್ರ ಬೇರೆ ಯಂತ್ರದಲ್ಲಿಟ್ಟಿದ್ದೇನೆ, ಸರ್ವರ್ ಆರಿದ ದಿನ ಅದೂ ಜೊತೆಗೆ ಆರಬಾರದೆಂದು.